ನೀಲಮ್ಮನ ಮೇಕೆ ಮತ್ತು ಹತ್ತು ತೂತಿನ ಫೋನು

ನಮ್ಮೂರಲ್ಲಿ ಇಬ್ಬರು ಎದುರುಬದುರು ನಿಂತು ಜಗಳವಾಡಿದರೆ ಆ ಬೀದಿಯ ಹಾಲೆಲ್ಲ ಒಡೆಯುತ್ತದೆ. ಒಲೆಯ ಮೇಲಿನದು, ಫ್ರಿಜ್ಜಿನೊಳಗಿನದು, ಕೂಸಿನ ಬಾಟಲಿಯಲ್ಲಿರುವುದು, ಯಾವುದಕ್ಕೂ ರಿಯಾಯಿತಿ ಇಲ್ಲ. ಹಾಗಂತ ಜಗಳವಾಡದೆ ಬದುಕಲು ನಾವೇನು ಸನ್ಯಾಸಿಗಳೇ? ಸನ್ಯಾಸಿಗಳೂ ಆಡುತ್ತಾರೆ, ನಮ್ಮೂರ ಮಠದಲ್ಲಿ ದೊಡ್ಡ ಸ್ವಾಮಿಗಳಿಗೊಂದು, ಚಿಕ್ಕ ಸ್ವಾಮಿಗಳಿಗೊಂದು ಬೇರೆ ಬೇರೆ ಫೋನಿವೆ. ಊರಿನ ಜಗಳವೆಲ್ಲ ಫೋನಿನಲ್ಲೇ ನಡೆಯಬೇಕು, ನಡೆಯುತ್ತದೆ. ಮೊಬೈಲಿನ ಮಾತೆತ್ತಬೇಡಿ, ಅದು ನಮ್ಮೂರ ಗಡಿ ದಾಟಿ ಒಳಬಂದೊಡನೆ ಟಾರ್ಚಾಗಿ ಮಾತ್ರ ಉರಿಯುತ್ತದೆ.

ಫೋನ್ ಜಗಳಕ್ಕೆ ಅದರದೇ ಮರ್ಯಾದೆಗಳಿವೆ. ಮಾಡಿದವರು ಹಲೋ ಅನ್ನುವಂತಿಲ್ಲ. ಹಲೋ ಅಂದರೆ ಅರ್ಧ ಸಿಟ್ಟು ಅಲ್ಲೇ ಸೋರಿಹೋಗುತ್ತದೆ. ಎತ್ತಿದವರು ಮುಗಿಯುವವರೆಗೂ "ಹೂಂ" ಬಿಟ್ಟು ಬೇರೆ ಅಕ್ಷರ ಆಡುವಂತಿಲ್ಲ. ಬೈದವರು ರಿಸೀವರ್ ಇಟ್ಟ ಮೇಲೆ, ಬೈಸಿಕೊಂಡವರು ಬೇಕಿದ್ದರೆ ತಾವೇ ಫೋನ್ ಮಾಡಿ ತಮ್ಮ ಸರದಿ ತೀರಿಸಿಕೊಳ್ಳಬಹುದು. ಫೋನೆಂದರೆ ಕಪ್ಪಗೆ, ಒರಳುಕಲ್ಲಿನಂತೆ ಕೂತಿರುವ, ಡಯಲ್ ತಿರುಗಿಸುವ ಹಳೇ ಫೋನು. ಒಂದು ತಿರುಗಿಸಿದರೆ ಡಯಲ್ಲು ಟಕ್ಕನೆ ವಾಪಸು ಬರುತ್ತದೆ. ಒಂಬತ್ತೋ ಸೊನ್ನೆಯೋ ಆದರೆ ಗರಗರ ಅಂತ ಹಿಂದಿರುಗುವಷ್ಟರಲ್ಲಿ ಮನುಷ್ಯನಿಗೆ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಹಿರಿಯರು ಅದನ್ನು ನೋಡಿಯೇ ನಂಬರು ಹಂಚಿದ್ದರು. ಯಾರನ್ನು ಕಂಡರೆ ಊರಿಗೆ ಬೈಯಬೇಕೆನಿಸುತ್ತದೋ ಅವರಿಗೆ ಒಂಬತ್ತು ಮತ್ತು ಸೊನ್ನೆ. ರೇಷನ್ ಅಂಗಡಿಗೆ 9090, ನೀರು ಬಿಡುವವನಿಗೆ 0990. ಸಾಧುಗಳಿಗೆ ಒಂದು, ಎರಡು. ನಮ್ಮಲ್ಲಿ ಗಂಡಿನ ಕಡೆಯವರು ಜಾತಕಕ್ಕಿಂತ ಮೊದಲು ಕೇಳುವುದು ಹೆಣ್ಣಿನ ಮನೆಯ ಫೋನ್ ನಂಬರು.

ಈ ಫೋನುಗಳ ರಿಪೇರಿ ಅಂಗಡಿ ನನ್ನದು. ಮೊದಲು ಮಾವನವರದಾಗಿತ್ತು. ಅವರು ತೀರಿಕೊಂಡಾಗ ನನ್ನ ಗಂಡ ಮುರಿಗೆಪ್ಪ ಎರಡು ತಂತಿ ಮುಟ್ಟಿ ನೋಡಿ, "ಇದು ನನ್ ಹಣೇಲಿ ಬರ್ದಿಲ್ಲ ಕಣೇ" ಅಂದು ಹಾಲಿನ ಕ್ಯಾನು ಸಾಗಿಸುವ ಆಟೊ ಹಿಡಿದ. ಅಂಗಡಿ ನನ್ನ ಹಣೆಗೆ ಬಂತು. ಅದು ದೊಡ್ಡದೇನಲ್ಲ, ಒಂದು ಮೇಜು, ಒಂದು ಸ್ಟೂಲು, ಬೆಸುಗೆ ಹಾಕುವ ಕಡ್ಡಿ. ಆದರೆ ನನ್ನ ಮಕ್ಕಳಿಬ್ಬರ ಉಪ್ಪಿಟ್ಟು, ಚಪ್ಪಲಿ, ಕೆಮ್ಮಿನ ಔಷಧಿ ಎಲ್ಲ ಆ ಮೇಜಿನಿಂದಲೇ ಹುಟ್ಟಬೇಕು. ಮುರಿಗೆಪ್ಪನ ಆಟೊ ತನ್ನ ಪೆಟ್ರೋಲನ್ನು ತಾನು ದುಡಿದುಕೊಂಡರೆ ಅದೇ ದೊಡ್ಡದು. ಇನ್ನೂ ಒಂದು ಮಾತು. ಈ ಭೂಮಿಯ ಮೇಲೆ "ಅಮ್ಮಾ ನೀರು" ಅಂತ ಯಾರೂ ಕೂಗದ ಜಾಗದಲ್ಲಿ ನಾನು ಕೂರುವುದೆಂದರೆ ಆ ಸ್ಟೂಲಿನ ಮೇಲೆ ಮಾತ್ರ.

ಹೀಗಿರುವಾಗ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನ ಯಂತ್ರ ಬದಲಾಯಿತು. ಹಳೇ ಯಂತ್ರ ಡಯಲ್ಲಿನ ಟಿಕ್‌ಟಿಕ್ ಎಣಿಸಿ ನಂಬರು ತಿಳಿಯುತ್ತಿತ್ತು. ಹೊಸದಕ್ಕೆ ಟಿಕ್‌ಟಿಕ್ ತಿಳಿಯದು. ಗುಂಡಿ ಒತ್ತಿದಾಗ ಹೊರಡುವ ಪೀಂ ಪೀಂ ಸ್ವರವೇ ಬೇಕು. ಪುರಸಭೆಯ ಅಧ್ಯಕ್ಷ ಕೊಟ್ರಬಸಪ್ಪನವರು ಊರನ್ನು ಸೇರಿಸಿ, "ಎಲ್ಲರ ಮನೆಗೂ ಗುಂಡಿ ಫೋನ್ ಹಾಕ್ಸಿಬಿಡಣ. ನಮ್ ಭಾಮೈದ ಸಗಟಿನಾಗೆ ಕೊಡ್ತಾನೆ" ಅಂದರು.

ಹೆಂಗಸರ ಸಾಲಿನಿಂದ ಅವರ ತಂಗಿ ನೀಲಮ್ಮ ಎದ್ದಳು. "ಗುಂಡಿ ಒತ್ತಿದೇಟಿಗೇ ಆ ಕಡೆ ಎತ್ತೇಬಿಡ್ತಾರಲ್ಲಣ್ಣ! ಏನ್ ಬೈಬೇಕು ಅಂತ ನೆನಪು ಮಾಡ್ಕಳಾದು ಯಾವಾಗ?"

"ನೀನು ನೆನಪು ಮಾಡ್ಕಂಡು ಬೈಯ್ತೀಯಾ? ನಿಂಗೆ ಅದು ಉಸಿರಿದ್ದಂಗೆ" ಅಂದರು ಅಧ್ಯಕ್ಷರು. ಜನ ನಕ್ಕರು. ಹೀಗೆ ನಗುತ್ತಾ ಅಂದರೆ ಹಾಲು ಒಡೆಯುವುದಿಲ್ಲ, ಹಾಲಿಗೂ ವಿವೇಕವಿದೆ.

ನಾನು ಎದ್ದು ನಿಂತೆ. ಫೋನು ಬದಲಿಸಬೇಕಿಲ್ಲ, ಅಂಗೈಗಿಂತ ಚಿಕ್ಕದೊಂದು ಬೋರ್ಡು ಸಿಗುತ್ತದೆ, ಅದನ್ನು ಹಳೇ ಫೋನಿನೊಳಗೇ ಕೂರಿಸಬಹುದು ಅಂತ ಹೇಳಿದೆ. ಬೆರಳು ಎಂದಿನಂತೆ ತಿರುಗಿಸಲಿ, ಡಯಲ್ಲು ಎಂದಿನಂತೆ ಗರಗರ ಬರಲಿ; ಬೋರ್ಡು ಒಳಗೆ ಕೂತು ಟಿಕ್‌ಟಿಕ್ ಎಣಿಸಿ, ಅದಕ್ಕೆ ಸರಿಯಾದ ಪೀಂ ಅನ್ನು ಲೈನಿಗೆ ಊದುತ್ತದೆ. ದುಭಾಷಿ ಇದ್ದ ಹಾಗೆ.

ಜನಕ್ಕೆ ಒಪ್ಪಿಗೆಯಾಯಿತು, ಅಧ್ಯಕ್ಷರಿಗೆ ಆಗಲಿಲ್ಲ. "ನೋಡು ಸಿದ್ದಕ್ಕ, ಯುಗಾದಿ ತನಕ ಟೈಮ್ ಕೊಡ್ತೀನಿ. ಅಷ್ಟರಾಗೆ ನಿನ್ ಬೋರ್ಡ್ ದೆಸೆಯಿಂದ ಒಂದೇ ಒಂದು ಬೀದಿ ಹಾಲು ಒಡೀಲಿ, ಮಾರನೇ ದಿನ ಊರಿಗೆಲ್ಲಾ ಗುಂಡಿ ಫೋನು. ನಿನ್ ಅಂಗಡಿ ಬಾಗ್ಲು ನೀನೇ ಎಳ್ಕಬೇಕು."

ಬೋರ್ಡುಗಳು ಪೆಟ್ಟಿಗೆಯಲ್ಲಿ ಬಂದವು. ಮನೆಮನೆಗೆ ಹೋಗಿ, ಫೋನು ಮಗುಚಿ, ತಳದ ತಿರುಪು ಬಿಚ್ಚಿ, ಡಯಲ್ಲಿನ ಎರಡು ತಂತಿ ಕಿತ್ತು ಬೋರ್ಡಿಗೆ, ಬೋರ್ಡಿನದ್ದು ಲೈನಿಗೆ ಬೆಸೆದು, ಗಂಟೆಯ ಪಕ್ಕದ ಖಾಲಿ ಜಾಗದಲ್ಲಿ ಅಂಟಿಸಿದೆ. ಫೋನಿನ ಹೊಟ್ಟೆಯಲ್ಲಿ ಏನೇನು ಸಿಗುತ್ತದೆ ಅನ್ನುತ್ತೀರಿ! ಜಿರಳೆ, ಮೂಗುಬಟ್ಟು, ಒಂದು ಮನೆಯಲ್ಲಿ ಅಜ್ಜನ ಹಲ್ಲು. ಬೋರ್ಡುಗಳನ್ನು ಕೂರಿಸುವ ಮೊದಲು ಪರೀಕ್ಷೆ ಮಾಡುವ ಕೆಲಸವನ್ನು ಮುರಿಗೆಪ್ಪ ತಾನಾಗಿಯೇ ವಹಿಸಿಕೊಂಡ. ಗಂಡ ತಾನಾಗಿಯೇ ಕೆಲಸ ಕೇಳಿದಾಗ ಯಾವ ಹೆಂಡತಿಯಾದರೂ ಎರಡು ಸಲ ಯೋಚಿಸಬೇಕು. ನಿದ್ದೆ ಸಾಲದ ನಾನು ಒಂದು ಸಲವೂ ಯೋಚಿಸಲಿಲ್ಲ.

ಹೊಸ ಯಂತ್ರ ಶುರುವಾದ ಬೆಳಿಗ್ಗೆ ಅಂಗಡಿಯ ಫೋನು ಹೊಡೆದುಕೊಂಡಿತು. ಎತ್ತಿದೆ.

"ಲೇ ನೀಲಿ! ನಿನ್ ಮೇಕೆ ಹೊಟ್ಟೆ ಒಡ್ದೋಗ! ಎರಡು ಬೀದಿ ದಾಟಿ ಬಂದು ನನ್ ಕರಿಬೇವೇ ಬೇಕಾ ಅದಕ್ಕೆ? ದಾರೀಲಿ ಇನ್ಯಾರ ಮನೇಲೂ ಗಿಡ ಇಲ್ವಾ? ನೀನೇ ಹೇಳ್ಕೊಟ್ಟಿರ್ತೀಯ. ಚಿಕ್ಕೋಳಿದ್ದಾಗ ನನ್ ತಟ್ಟೆ ಹಪ್ಪಳಕ್ಕೆ ಕೈ ಹಾಕ್ತಿದ್ದೆ, ಈಗ ಮೇಕೆ ಕಳಿಸ್ತೀಯಾ? ಅಪ್ಪ ನಿನ್ನ ಹೆಗಲ ಮ್ಯಾಲೆ ಕೂರಿಸ್ಕಂಡೇ ಹಾಳು ಮಾಡ್ದ. ಜಾತ್ರೆಗೋದ್ರೆ ಹೆಗಲು ನಿಂದು, ನಡೆಯೋ ಕಾಲು ನಂದು!"

ದನಿ ಅಧ್ಯಕ್ಷರದು. ಅಭ್ಯಾಸಬಲದಿಂದ ನಾನು ಹೂಂ, ಹೂಂ ಅನ್ನುತ್ತಿದ್ದೆ. ಅವರು ತೃಪ್ತಿಯಿಂದ ರಿಸೀವರ್ ಇಟ್ಟ ಮೇಲೆ ನೆನಪಾಯಿತು, ನಮ್ಮ ಮನೆಯಲ್ಲಿ ಮೇಕೆಯೇ ಇಲ್ಲ.

ಅಷ್ಟರಲ್ಲಿ ಮತ್ತೆ ಹೊಡೆದುಕೊಂಡಿತು. ಈ ಸಲ ಯಾರೋ ತಮ್ಮ ಬಾಡಿಗೆಯವನಿಗೆ. ಆಮೇಲೆ ಅತ್ತೆಯೊಬ್ಬಳು ಸೊಸೆಗೆ, ಸೊಸೆ ಅತ್ತೆಗೆ, ಚಿಕ್ಕ ಸ್ವಾಮಿಗಳು ದೊಡ್ಡ ಸ್ವಾಮಿಗಳಿಗೆ. ಮಧ್ಯಾಹ್ನದ ಹೊತ್ತಿಗೆ ಊರಿನ ಮುಕ್ಕಾಲು ಬೈಗುಳ ನನ್ನ ಬಲಗಿವಿಯೊಳಗಿತ್ತು.

ನಮ್ಮವರ ಒಂದು ಚಾಳಿ ನಾನು ಹೇಳಬೇಕಿತ್ತು. ಸಿಟ್ಟಿನಲ್ಲಿ ನಂಬರು ತಿರುಗಿಸುವಾಗ ನಮ್ಮ ಜನ ಮೊದಲ ಅಂಕಿಯಲ್ಲೇ, ಡಯಲ್ಲು ಕೊನೆಯ ಕೊಕ್ಕೆಗೆ ತಾಗಿದ ಕೂಡಲೇ, ಬೆರಳು ತೆಗೆಯುವುದಿಲ್ಲ. ಹಾಗೇ ಹಿಡಿದು ನಿಂತು ಮೊದಲ ಬೈಗುಳ ಯಾವುದಿರಲಿ ಅಂತ ಆರಿಸುತ್ತಾರೆ. ಆರಿಸಿದ ಮೇಲೆ ಬೆರಳು ಬಿಡುತ್ತಾರೆ. ಆ ಬೋರ್ಡಿಗಾದರೋ ಒಂದು ಹೆಚ್ಚಿನ ವಿದ್ಯೆಯಿತ್ತು: ಯಾವುದಾದರೂ ತೂತಿನಲ್ಲಿ ಬೆರಳು ಹಾಗೆ ತಡೆದು ನಿಂತರೆ, ಆ ತೂತಿಗೆಂದು ನೆನಪಿನಲ್ಲಿಟ್ಟ ನಂಬರಿಗೆ ತಾನೇ ಫೋನು ಮಾಡಿಬಿಡುತ್ತದೆ. ಮುಂದೆ ಬೆರಳು ಏನು ತಿರುಗಿಸಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಿಟ್ಟಿಲ್ಲದೆ, ಬೆರಳು ತಡೆಯದೆ ತಿರುಗಿಸಿದವರ ಕರೆ ಸರಿಯಾಗಿಯೇ ಹೋಗುತ್ತಿತ್ತು. ಸಿಟ್ಟಿನವೆಲ್ಲ ನನಗೆ.

ಸಂಜೆ ಮುರಿಗೆಪ್ಪ ಆಟೊ ನಿಲ್ಲಿಸಿ ಬಂದ. ಮಕ್ಕಳು ಅಲ್ಲೇ ಮೇಜಿನ ಕೆಳಗೆ ಕೂತು ಮಂಡಕ್ಕಿ ತಿನ್ನುತ್ತಿದ್ದವು. ಹಲ್ಲು ಕಚ್ಚಿ, ದನಿ ತಗ್ಗಿಸಿ ಕೇಳಿದೆ. "ರೀ, ಟೆಸ್ಟ್ ಮಾಡೋವಾಗ ಬೋರ್ಡಿಗೆ ಯಾವ ನಂಬರ್ ಹಾಕಿದ್ರಿ?"

"ಅಂಗಡೀದು."

"ಯಾವ ತೂತಿಗೆ?"

"ಹತ್ತಕ್ಕೂ. ಕೆಲ್ಸ ಅಂದ್ಮೇಲೆ ಪೂರ್ತಿ ಮಾಡ್ಬೇಕು."

"ಆಮೇಲೆ ಅಳ್ಸಿದ್ರಾ?"

"ಅಳ್ಸಬೇಕಿತ್ತಾ?" ಅಂದ. ಎಮ್ಮೆಯ ಮುಖದಲ್ಲಿರುವಂಥ ಶಾಂತಿ. "ನಂಗೆ ಬಾಯಿಪಾಠ ಇರೋದು ಅದೊಂದೇ ನಂಬರು ಕಣೇ. ನಿಂದು ಅಂತ."

ಇಂಥದ್ದಕ್ಕೆ ಏನನ್ನಬೇಕು? ಬೈಯಲೇಬೇಕು. ಅವನನ್ನು ಮನೆಗೆ ಓಡಿಸಿ, ಅಂಗಡಿಯ ಫೋನಿನಿಂದ ಮನೆಗೆ ತಿರುಗಿಸಲು ಹೋದೆ. ನಾನೂ ಇದೇ ಊರಿನವಳಲ್ಲವೇ, ಮೊದಲ ಅಂಕಿಯಲ್ಲೇ ಬೆರಳು ತಡೆದು ಒಳ್ಳೇ ಮಾತೊಂದನ್ನು ಆರಿಸಿದೆ. ಎಂಗೇಜ್ ಸದ್ದು ಬಂತು. ನನ್ನ ಫೋನು ನನಗೇ ಫೋನು ಮಾಡಿತ್ತು. ಅಷ್ಟೊತ್ತಿಗೆ ಆರಿಸಿದ್ದ ಮಾತು ಮರೆತೂ ಹೋಯಿತು, ಮಕ್ಕಳು ಮಂಡಕ್ಕಿ ಚೆಲ್ಲಿದವು.

ಇನ್ನು ಉಳಿದ ದಾರಿ ಒಂದೇ. ಸರ್ವಿಸ್ ಅನ್ನುವ ನೆಪದಲ್ಲಿ ಮನೆಮನೆಗೆ ಹೋಗಿ ನಂಬರು ಅಳಿಸಬೇಕು. ಒಂದೇ ದಿನ ಎಲ್ಲರ ಮನೆಗೂ ನುಗ್ಗಿದರೆ ಅಧ್ಯಕ್ಷರಿಗೆ ವಾಸನೆ ಬಡಿಯುತ್ತದೆ, ಆದ್ದರಿಂದ ನಿಧಾನಕ್ಕೆ, ಬೀದಿ ಬಿಟ್ಟು ಬೀದಿ. ಅಲ್ಲಿಯವರೆಗೆ ನನಗೆ ಬಂದ ಬೈಗುಳವನ್ನು ನಾನೇ ತಲುಪಿಸಬೇಕು. ಇಲ್ಲದಿದ್ದರೆ ಬೈದವರು "ಅಷ್ಟು ಬೈದ್ರೂ ಚರಂಡಿ ಕಟ್ಟಿಲ್ಲ ನೋಡು" ಅಂತ ನೇರ ಎದುರಿಗೇ ಹೋಗಿ ನಿಲ್ಲುತ್ತಾರೆ, ಹಾಲು ಒಡೆಯುತ್ತದೆ, ಅಂಗಡಿ ಮುಚ್ಚುತ್ತದೆ.

ಹಾಗಾಗಿ ನನ್ನ ಚಿಕ್ಕ ಮಗನ ಹಳೇ ಬಟ್ಟೆ ಕುಲಾವಿಯನ್ನು ಫೋನಿನ ಬಾಯಿಗೆ ಸುತ್ತಿ, ನಾನೇ ಫೋನು ಮಾಡತೊಡಗಿದೆ. ಎತ್ತಿದವರು ಹೂಂ ಬಿಟ್ಟು ಬೇರೇನೂ ಕೇಳುವಂತಿಲ್ಲವಾದ್ದರಿಂದ ನೀನ್ಯಾರು ಅಂತ ಯಾರೂ ಕೇಳಲಿಲ್ಲ. ದನಿ ಬೇರೆಯಾದದ್ದನ್ನು ಜನ ಬೋರ್ಡಿನ ಲೆಕ್ಕಕ್ಕೆ ಹಾಕಿದರು. "ಬೋರ್ಡ್ ಹಾಕ್ಸಿದ್ಮೇಲೆ ನಮ್ಮತ್ತೆ ದನಿ ಎಳೇದಾಗೈತೆ" ಅಂತ ಒಬ್ಬಳು ನನಗೇ ಬಂದು ಹೇಳಿದಳು. ನನಗೋ ಮಕ್ಕಳ ಹೋಮ್‌ವರ್ಕು, ರೊಟ್ಟಿ, ಒಗೆಯುವ ಬಟ್ಟೆ. ಪೂರಾ ಬೈಗುಳ ಒಪ್ಪಿಸಲು ಪುರುಸೊತ್ತೆಲ್ಲಿ? ವಂಶದ ಮಾತು, ಪಿಂಡದ ಮಾತು, ಹಳೇ ಪುರಾಣ ಎಲ್ಲ ಸೋಸಿ ಸಾರಾಂಶ ಮಾತ್ರ ದಾಟಿಸುತ್ತಿದ್ದೆ. "ಬಾಡಿಗೆ ಕೊಡಿ." "ಸಾರಿಗೆ ಹುಣಸೆ ಕಡಿಮೆ ಹಾಕು." "ಪಾದಪೂಜೆಗೆ ನನ್ನನ್ನೂ ಕರೆಯಿರಿ." ಕೆಲಸ ಆಗುತ್ತಿತ್ತು. ಊರು ತಣ್ಣಗಿತ್ತು. ನಾನು ದೇಶ ಉದ್ಧಾರ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ.

ಅಧ್ಯಕ್ಷರ ಬೈಗುಳ ಮಾತ್ರ ದಿನವೂ ತಪ್ಪದೆ ಬರುತ್ತಿತ್ತು, ದಿನವೂ ಉದ್ದವಾಗುತ್ತಿತ್ತು. ಅವರ ಮನೆಗೆ ಹೋಗಿ ನಂಬರು ಅಳಿಸುವ ಧೈರ್ಯ ನನಗೆ ಬಂದಿರಲಿಲ್ಲ. ಅದರಲ್ಲಿ ಮೇಕೆ ಒಂದು ಮಾತಿನಲ್ಲಿ ಮುಗಿದು, ಮಿಕ್ಕದ್ದೆಲ್ಲ ಬಾವಿಯಲ್ಲಿ ಬಿದ್ದ ಬಿಂದಿಗೆ, ನೀಲಿ ಕದ್ದ ಬೆಲ್ಲ, ಅವ್ವ ಹೊಡೆದದ್ದು ಯಾರಿಗೆ, ಅತ್ತದ್ದು ಯಾರು ಎನ್ನುವುದೇ. ನಾನು ನೀಲಮ್ಮನಿಗೆ ದಾಟಿಸುತ್ತಿದ್ದದ್ದು ಇಷ್ಟೇ: "ಮೇಕೆ ಕಟ್ಟಿಹಾಕಿ. ಕರಿಬೇವು ಹಾಳಾಗ್ತಿದೆ."

ಯುಗಾದಿಯ ಹಿಂದಿನ ದಿನ ನೀಲಮ್ಮ ಅಂಗಡಿಯ ಮುಂದೆ ಬಂದು ನಿಂತಳು. ಸೆರಗು ಸೊಂಟಕ್ಕೆ ಬಿಗಿದಿದ್ದಳು. ಕಣ್ಣು ಊದಿತ್ತು.

"ಸಿದ್ದಕ್ಕ, ನಮ್ಮಣ್ಣ ನನ್ನ ಕೈಬಿಟ್ಟ ಕಣೇ."

"ಯಾಕಕ್ಕ? ಬೈದ್ರಾ?"

"ಬೈದಿದ್ರೆ ಚೆನ್ನಾಗಿತ್ತಲ್ಲ! ಬೈತಾನೇ ಇಲ್ಲ. ಮೇಕೆ ಕಟ್ಟಿಹಾಕಿ ಅಂತಾನೆ. ಹಾಕಿ! ಬಹುವಚನ! ಒಡಹುಟ್ಟಿದ ತಂಗೀಗೆ! ಹಪ್ಪಳ ಇಲ್ಲ, ಹೆಗಲು ಇಲ್ಲ, ಅವ್ವನ ಹೆಸ್ರು ಇಲ್ಲ. ಪುರಸಭೆ ನೋಟಿಸು ಓದಿದಂಗೆ ಓದಿ ಇಟ್ಬಿಡ್ತಾನೆ. ನಾನು ತಿರುಗಿ ಫೋನ್ ಮಾಡಿ ಅಷ್ಟು ಬೈದ್ರೂ ಮಾರನೇ ದಿನ ಅದೇ ಎರಡು ಮಾತು. ನಂಗೂ ಅವನಿಗೂ ಮಾತು ಅಂತ ಇದ್ದದ್ದೇ ಅದೊಂದು ಬೈಗುಳ. ಬೇಕು ಅಂತಲೇ ಮೇಕೆ ಬಿಚ್ಚಿ ಬಿಡ್ತಿದ್ದೆ, ಗೊತ್ತಾ?"

ಅವಳು ತಿರುಗಿ ಮಾಡುತ್ತಿದ್ದದ್ದೂ ನನಗೇ ಬರುತ್ತಿತ್ತೆಂದು, ಅದರ ಸಾರಾಂಶವನ್ನೂ ನಾನೇ ಅಧ್ಯಕ್ಷರಿಗೆ ದಾಟಿಸುತ್ತಿದ್ದೆನೆಂದು ಆಗ ನನ್ನ ಬಾಯಿಗೆ ಬರಲಿಲ್ಲ. "ಎಲ್ಲಿಗೆ ಹೊರಟ್ರಿ?" ಅಂದೆ.

"ಅವನ ಬಾಗಿಲಿಗೆ. ಎದುರಿಗೇ ನಿಂತು ಕೇಳ್ತೀನಿ. ಹಾಲು ಒಡೆದ್ರೆ ಒಡೀಲಿ, ಇಡೀ ಮೇಲಿನ ಬೀದಿ ಹಾಳಾಗೋಗ್ಲಿ."

ಮೇಲಿನ ಬೀದಿಯೆಂದರೆ ಖೋವಾ ಕಾಯಿಸುವವರ ಬೀದಿ. ಹಬ್ಬದ ಹಿಂದಿನ ದಿನ ಅಲ್ಲಿ ಮನೆಮನೆಯ ಮುಂದೂ ಬಾಣಲೆ. ಊರಿನ ಹಾಲೆಲ್ಲ ಅಲ್ಲೇ ಕುದಿಯುತ್ತಿರುತ್ತದೆ, ಅರ್ಧ ನನ್ನ ಗಂಡನೇ ಸಾಗಿಸಿದ್ದು. ಕೈ ಹಿಡಿದು ನಿಲ್ಲಿಸಲು ಹೋದೆ, ಕೊಡವಿಕೊಂಡು ನಡೆದೇಬಿಟ್ಟಳು.

ಬೆರಳು ತಡೆಯದೆ ಅಧ್ಯಕ್ಷರ ಮನೆಗೆ ತಿರುಗಿಸಿದೆ. ಅವರ ನಂಬರು 1121, ವಶೀಲಿಯಿಂದ ಪಡೆದ ಸಾಧುವಿನ ನಂಬರು. ಟಕ್ ಟಕ್ ಅಂತ ಮುಗಿದೇಹೋಯಿತು. ನಾನಿನ್ನೂ ಮೊದಲ ಮಾತು ಯೋಚಿಸಿರಲಿಲ್ಲ. ಅವರು ಎತ್ತಿದರು. ಹಲೋ ಅಂದರೆ ಅದು ಜಗಳದ ಫೋನಾಗುವುದಿಲ್ಲ, ನಡುವೆ ಬಾಯಿಹಾಕುವ ಹಕ್ಕು ಅವರಿಗೆ ಬಂದುಬಿಡುತ್ತದೆ. ಆದ್ದರಿಂದ ನಾನು ನೇರ ಬೈಗುಳದಿಂದಲೇ ಶುರುಮಾಡಿದೆ.

"ಏನ್ರೀ ಕೊಟ್ರಬಸಪ್ಪ, ಊರಿಗೆ ಅಧ್ಯಕ್ಷರಾದ್ರೆ ಸಾಕಾ, ಫೋನ್ ಮಾಡೋವಾಗ ಬೆರಳು ತೆಗೀಬೇಕು ಅಂತ ಗೊತ್ತಾಗಲ್ವಾ?"

"ಹೂಂ?" ಅಂದರು.

ಮುಂದೆ ಎಲ್ಲವನ್ನೂ ಹೇಳಿದೆ. ಮುರಿಗೆಪ್ಪನ ಪರೀಕ್ಷೆ, ಹತ್ತು ತೂತು, ಕುಲಾವಿ, ಅವರ ಹಪ್ಪಳ, ಅವರ ಬಿಂದಿಗೆ, ಅದನ್ನೆಲ್ಲ ನಾನು ಕಸಬರಿಗೆಯಲ್ಲಿ ಗುಡಿಸಿದ ಹಾಗೆ ಗುಡಿಸಿ ಹಾಕಿದ್ದು. ಆ ಕಡೆಯಿಂದ ಹೂಂ, ಹೂಂ, ಒಂದಕ್ಕಿಂತ ಒಂದು ದಪ್ಪ. ಕೊನೆಗೆ "ನಿಮ್ ತಂಗಿ ನಿಮ್ಮನೆ ಕಡೆನೇ ಬರ್ತಾವ್ರೆ. ನೀವು ಕೈಬಿಟ್ರಿ ಅಂತ ಅಳ್ತಾವ್ರೆ. ಅಂಗಡಿ ಮುಚ್ಚಿಸ್ತೀರೋ ಏನ್ ಮಾಡ್ತೀರೋ ಆಮೇಲೆ ಮಾಡಿ, ಮೊದ್ಲು ಆ ಹೆಣ್ಮಗಳನ್ನ ಸರಿಯಾಗಿ ಬೈದುಕಳಿಸಿ" ಅಂದು ಇಟ್ಟೆ.

ದೊಡ್ಡವಳು "ಅಮ್ಮಾ, ಅಂಗಡಿ ಹೋಯ್ತಾ?" ಅಂದಳು. "ಗೊತ್ತಿಲ್ಲ ಕಂದ, ಸುಮ್ನಿರು" ಅಂದೆ.

ಫೋನು ಹೊಡೆದುಕೊಂಡಿತು. ಎತ್ತಿದರೆ, ದೂರದಲ್ಲಿ ನೀಲಮ್ಮನ ದನಿ: "ಬಾರೋ ಆಚೆ! ಹಾಕಿ ಅಂತೀಯಾ ನಂಗೆ? ಹಾಕಿ?" ಹತ್ತಿರದಲ್ಲಿ, ನನ್ನ ಕಿವಿಯೊಳಗೇ ಅಧ್ಯಕ್ಷರ ಉಸಿರು. ಅವರು ಬೆರಳು ತಡೆದು ನನಗೇ ಮಾಡಿದ್ದರು. ತಂಗಿ ಹೊಸ್ತಿಲ ಮೇಲೆ, ಅಣ್ಣ ನಡುಮನೆಯಲ್ಲಿ, ನಡುವೆ ಮಾರುದ್ದ ನೆಲ. ಆದರೆ ಫೋನು ಕೈಯಲ್ಲಿದೆ, ಲೈನಿನಲ್ಲಿ ಮನುಷ್ಯರಿದ್ದಾರೆ. ಅಂದಮೇಲೆ ಅದು ಫೋನ್ ಜಗಳವೇ.

"ಲೇ ನೀಲಿ!" ಅಂತ ಕಿರುಚಿದರು, ನನ್ನ ಕಿವಿಗೆ. "ಹಪ್ಪಳ ಕಳ್ಳಿ! ಬೆಲ್ಲದ ಡಬ್ಬಿ ಖಾಲಿ ಮಾಡಿ ನನ್ ಬಾಯಿಗೆ ಒರೆಸಿದೋಳು! ಆವತ್ತು ಅವ್ವನ ಸೌಟಿನೇಟು ತಿಂದೋನು ನಾನು! ಗಂಡ ಸತ್ತಾಗ ಬಾ ಮನೇಗೆ ಅಂದ್ರೆ ಬರ್ಲಿಲ್ಲ, ಮೇಕೆ ಕಟ್ಕಂಡು ಕೂತೆ. ಅಣ್ಣನ ಮನೆ ಅನ್ನ ಬೇಡ, ಅಣ್ಣನ ಮನೆ ಕರಿಬೇವು ಬೇಕಾ ನಿಂಗೆ? ಯಾವೋಳೋ ಕುಲಾವಿ ಸುತ್ಕಂಡು ಎರಡು ಮಾತು ಓದಿದ್ರೆ ನನ್ ದನಿ ಅಂತ ನಂಬ್ತೀಯಾ? ನಾನು ಯಾವತ್ತು ಎರಡು ಮಾತಿಗೆ ನಿಲ್ಸಿದೀನೇ?"

ಕುಲಾವಿಯ ಮಾತಿಗೆ ನಾನು ತುಟಿ ಕಚ್ಚಿಕೊಂಡೆ. ಅಲ್ಲಿ ದಡದಡ ಹೆಜ್ಜೆ. ರಿಸೀವರ್ ಕೈ ಬದಲಾಯಿತು. ಈಗ ನೀಲಮ್ಮ, ನನ್ನ ಕಿವಿಯೊಳಗೆ, ಅಣ್ಣನ ಮುಖ ನೋಡುತ್ತಾ: "ಲೇ ಕೊಟ್ರ! ಹೆಗಲ ಮ್ಯಾಲೆ ಕೂತಿದ್ದು ನಾನಾದ್ರೂ, ಜಾತ್ರೇಲಿ ಕಳೆದುಹೋದ ನಿನ್ನ ಮೇಲಿಂದ ಹುಡುಕಿ ತೋರಿಸಿದ್ದು ಯಾರೋ ದರಿದ್ರದವ್ನೆ..." ಹೀಗೆ ರಿಸೀವರ್ ಅತ್ತಿಂದಿತ್ತ ಓಡಾಡಿತು. ನಾನು ಇಬ್ಬರಿಗೂ ಹೂಂ ಅನ್ನುತ್ತಾ ಚಿಕ್ಕವನ ಅಂಗಿಯ ಗುಂಡಿ ಹೊಲಿದು ಮುಗಿಸಿದೆ.

ಮುರಿಗೆಪ್ಪ ಆಟೊದಲ್ಲಿ ಮೇಲಿನ ಬೀದಿಯನ್ನು ಸುತ್ತಿ ಬಂದ. "ಒಂದು ಬಾಣಲೆ ಹಾಲೂ ಒಡೆದಿಲ್ಲ ಕಣೇ, ಖೋವಾ ಗಟ್ಟಿ ಬೀಳ್ತಾ ಐತೆ" ಅಂದ. ಅಧ್ಯಕ್ಷರ ಮನೆಯೊಳಗೆ ಇಣುಕಲು ಅವನಿಗೆ ಧೈರ್ಯವಾಗಿರಲಿಲ್ಲವಂತೆ.

ಹಬ್ಬದ ದಿನ ಬೇವುಬೆಲ್ಲ ಹಂಚಿ ಅಂಗಡಿಯ ಬಾಗಿಲು ಅರ್ಧ ತೆರೆದು ಕೂತಿದ್ದೆ. ಪೂರಾ ತೆರೆಯಲು ಮನಸ್ಸಿರಲಿಲ್ಲ. ಮತ್ತೆ ಎಳೆಯುವ ಕೈ ನನ್ನದೇ ಆಗಬಾರದಲ್ಲ. ಕೊಟ್ರಬಸಪ್ಪನವರು ಹೊಸ ಪಂಚೆ ಉಟ್ಟು ಬಂದರು. ಒಂದು ಕಂಕುಳಲ್ಲಿ ಅವರ ಮನೆಯ ಫೋನು, ಇನ್ನೊಂದು ಕೈಯಲ್ಲಿ ಸ್ಟೀಲ್ ಡಬ್ಬಿ. ಡಬ್ಬಿಯನ್ನು ಮಕ್ಕಳ ಕೈಗೆ ಕೊಟ್ಟರು. ಒಳಗೆ ಬೆಲ್ಲ ಹಾಕಿ ಮಗುಚಿದ, ತರಿತರಿಯಾದ ಹಾಲಿನ ಸಿಹಿ.

"ಇದು ಒಡೆದ ಹಾಲಿಂದಲ್ವಾ ಅಧ್ಯಕ್ಷರೇ?" ಅಂದೆ.

"ನಮ್ಮನೇದು ಒಂದೇ. ಮೊನ್ನೆ ಹಾಲು, ಬಿಸಿಲಿಗೆ ಒಡೀತು" ಅಂತ ಗೋಡೆ ನೋಡುತ್ತಾ ಅಂದರು. "ಬಿಸಿಲಿಗೆ ಅಂದ್ನಲ್ಲ. ತಿನ್ರಿ ಸುಮ್ನೆ."

ಫೋನನ್ನು ಮೇಜಿನ ಮೇಲೆ ಕುಕ್ಕಿದರು. ಬಿಚ್ಚಲು ತಿರುಪುಳಿ ತೆಗೆದುಕೊಂಡೆ. "ನಂಬರು ಅಳಿಸಿಕೊಡ್ಲಾ?"

"ನಿಂದು ಅಳಿಸು. ನೀಲೀದು ಹಾಕು."

"ಯಾವ ತೂತಿಗೆ?"

ಅಧ್ಯಕ್ಷರು ಡಯಲ್ಲಿನ ಮೇಲೆ ಬೆರಳಾಡಿಸಿದರು, ಒಂದರಿಂದ ಸೊನ್ನೆಯವರೆಗೆ, ಯಾವುದೋ ಲೆಕ್ಕ ಹಾಕುವವರಂತೆ.

"ಎಲ್ಲಾದಕ್ಕೂ ಹಾಕಮ್ಮ" ಅಂದರು. "ಸಿಟ್ಟಿನಾಗೆ ತೂತು ಯಾವನು ನೋಡ್ತಾನೆ?"